ವೆರಿ ಅಂದ್ರೆ ನಿಜ

ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆವು. ಸೌದೆ ಒಲೆಯ ಬಿಸಿ ನಮ್ಮ ಮೇಜಿನ ತನಕ ಬರುತ್ತಿತ್ತು. ದೋಸೆ ಮೇಲಿಟ್ಟ ಬೆಣ್ಣೆ ಮುದ್ದೆ ನೋಡನೋಡುತ್ತಲೇ ಕರಗಿ ಆಲೂಗಡ್ಡೆ ಪಲ್ಯದ ಕಡೆ ಹರಿಯಿತು. ಮಗಳು ಬೆರಳು ನೆಕ್ಕುತ್ತಾ "ವೆರಿ ವೆರಿ ಟೇಸ್ಟಿ ಅಪ್ಪಾ" ಅಂದಳು.

ಆ 'ವೆರಿ' ತಲೆಯಲ್ಲೇ ಉಳಿಯಿತು. ಮನೆಗೆ ಬಂದು ನಿಘಂಟು ತೆಗೆದೆ.

ಲ್ಯಾಟಿನ್‌ನಲ್ಲಿ 'ವೇರುಸ್' ಅಂದ್ರೆ ನಿಜ. ಹಳೆ ಫ್ರೆಂಚಿನಲ್ಲಿ ಅದರ ಮಗು 'ವೆರೈ'. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ರಾಶಿ ರಾಶಿ ಫ್ರೆಂಚ್ ಪದಗಳು ಅಲ್ಲಿಗೆ ಹೋದವು, ಇದೂ ಹೋಯಿತು. ಶುರುವಿನಲ್ಲಿ ಅಲ್ಲೂ 'ನಿಜವಾದ' ಅಂತಲೇ ಅರ್ಥ. ಆಮೇಲೆ 'ನಿಜವಾಗಿ'. ಹೇಳ್ತಾ ಹೇಳ್ತಾ ಬರೀ 'ಬಹಳ' ಆಯಿತು. ಕೋರ್ಟಿನ 'ವರ್ಡಿಕ್ಟ್' ಒಳಗೂ ಅದೇ ನಿಜ ಕೂತಿದೆ.

ನಮ್ಮ 'ತುಂಬಾ' ನೋಡಿ. ತುಂಬು ಅನ್ನೋದರಿಂದ ಬಂದದ್ದು. ಕೊಡದ ತುಂಬಾ ನೀರು, ಮನೆ ತುಂಬಾ ಜನ. ಅವರು ನಿಜದಿಂದ ಅಳೆದರು, ನಾವು ತುಂಬಿದ್ದರಿಂದ ಅಳೆದೆವು. ಎಷ್ಟು ಚೆಂದ ಅಲ್ವಾ?

ಸಂಜೆ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ಜಾಸ್ತಿ?" ಅಂದಳು.

ಅದು ಅರಬ್ಬಿ, ಪಾರಸಿ ಎಲ್ಲಾ ದಾಟಿ ಬಂದದ್ದು. ಮತ್ತೆ ನಿಘಂಟು ತೆಗೆದು ಇಬ್ಬರೂ ಕೂತಿದ್ದೇವೆ.