ಮ್ಯಾನ್‌ಹಟನ್‌ನ ಮರ್ಚೆಂಟ್ಸ್ ಹೌಸ್ ನೋಡಲು ಹೋಗುವವರಿಗೆ

ಮರ್ಚೆಂಟ್ಸ್ ಹೌಸ್ ಎಂಬ ಹಳೇ ಮನೆ-ಮ್ಯೂಸಿಯಂ ನೋಡಲು ನ್ಯೂಜರ್ಸಿ ಕಡೆಯಿಂದ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. 60ನೇ ಬೀದಿಯಿಂದ ದಕ್ಷಿಣಕ್ಕೆ ಹೋದರೆ ಹಗಲು ಹೊತ್ತಿನಲ್ಲಿ 9 ಡಾಲರ್ ಟೋಲ್, 2025ರ ಜನವರಿಯಿಂದ. ಅದು ಗೊತ್ತಿದ್ದೇ ಹೊರಟೆವು, ಅಮ್ಮನಿಗೆ ಮಂಡಿನೋವು ಅಂತ. ನಿಜವಾದ ಪೆಟ್ಟು ಬಿದ್ದಿದ್ದು ಪಾರ್ಕಿಂಗ್‌ನಲ್ಲಿ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 24 ಡಾಲರ್ ಅಂತಿತ್ತು. ವಾಪಸ್ ಬಂದಾಗ ಬಿಲ್ 46 ಡಾಲರ್ ಚಿಲ್ಲರೆ! ಕೇಳಿದರೆ, ನಿಮ್ಮದು ದೊಡ್ಡ ಗಾಡಿ, ಅದಕ್ಕೆ ಬೇರೆ ರೇಟು, ಮೇಲೆ 18.375 ಪರ್ಸೆಂಟ್ ತೆರಿಗೆ ಅಂದರು. ಇವೆರಡೂ ಬೋರ್ಡಿನ ತಳದಲ್ಲಿ ಕಣ್ಣಿಗೆ ಬೀಳದ ಅಕ್ಷರದಲ್ಲಿವೆ. ಇದು ಸುಲಿಗೆ ಅಲ್ದೆ ಇನ್ನೇನು? ಮಂಡಿನೋವಿನವರು ಜೊತೆಗಿದ್ದರೆ ಸಬ್‌ವೇನಲ್ಲಿ ಬ್ರಾಡ್‌ವೇ-ಲಫಯೆಟ್ ನಿಲ್ದಾಣಕ್ಕೆ ಬನ್ನಿ, ಅಲ್ಲಿ ಲಿಫ್ಟ್ ಇದೆ. ಆಸ್ಟರ್ ಪ್ಲೇಸ್ ಕೂಡ ಹತ್ತಿರವೇ, ಆದರೆ ಅಲ್ಲಿ ಮೆಟ್ಟಿಲೇ ಗತಿ.

ಟೈಮ್ಸ್ ಸ್ಕ್ವೇರ್ ಬಗ್ಗೆ ನನ್ನನ್ನು ಕೇಳಬೇಡಿ. ಆ ನೂಕುನುಗ್ಗಲು ನನಗೆ ಆಗಲ್ಲ. ನಾನು ಹೇಳಲು ಹೊರಟಿದ್ದು ಈಸ್ಟ್ 4ನೇ ಬೀದಿಯ 29ನೇ ನಂಬರಿನ ಈ ಮರ್ಚೆಂಟ್ಸ್ ಹೌಸ್ ಬಗ್ಗೆ. ಹೊರಗಿನಿಂದ ಕೆಂಪು ಇಟ್ಟಿಗೆಯ ಸಾಮಾನ್ಯ ಮನೆ, ಸುಮ್ನೆ ದಾಟಿ ಹೋಗಿಬಿಡುತ್ತೀರಿ. 1832ರಲ್ಲಿ ಟೋಪಿ ವ್ಯಾಪಾರಿ ಜೋಸೆಫ್ ಬ್ರೂಸ್ಟರ್ ಕಟ್ಟಿಸಿದ್ದು. 1835ರಲ್ಲಿ ಸೀಬರಿ ಟ್ರೆಡ್‌ವೆಲ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ 18,000 ಡಾಲರ್‌ಗೆ ಕೊಂಡುಕೊಂಡ. ಆಮೇಲೆ ಸುಮಾರು ನೂರು ವರ್ಷ ಅದೇ ಮನೆತನ ಅಲ್ಲಿತ್ತು.

ನನಗೆ ಆಶ್ಚರ್ಯ ಆಗಿದ್ದು ಮನೆ ಉಳಿದ ರೀತಿ. ದುಡ್ಡಿದ್ದ ನೆರೆಹೊರೆಯವರೆಲ್ಲ ಒಬ್ಬೊಬ್ಬರಾಗಿ ಊರಿನ ಉತ್ತರ ಭಾಗಕ್ಕೆ ಹೋದರು, ಬೀದಿ ತುಂಬ ಗೋದಾಮು, ವರ್ಕ್‌ಶಾಪು ಬಂದವು. ಕಿರಿಯ ಮಗಳು ಗರ್ಟ್ರೂಡ್ ಮಾತ್ರ ಕದಲಲಿಲ್ಲ. 1840ರಲ್ಲಿ ಅದೇ ಮನೆಯಲ್ಲಿ ಹುಟ್ಟಿದವಳು, ಮದುವೆಯಾಗಲಿಲ್ಲ, 1933ರಲ್ಲಿ ಅಲ್ಲೇ ತೀರಿಕೊಂಡಳು. ಕೊನೆಕೊನೆಗೆ ಕೈಯಲ್ಲಿ ಕಾಸಿರಲಿಲ್ಲ. ಕಾಸಿದ್ದಿದ್ದರೆ ಮನೆ ಹೊಸ ಫ್ಯಾಷನ್ನಿಗೆ ಬದಲಾಗಿರುತ್ತಿತ್ತು, ಅಲ್ವಾ? ಹಾಗಾಗಿ ಮಂಚ, ಕುರ್ಚಿ, ಹೆಣ್ಣುಮಕ್ಕಳ ಬಟ್ಟೆ ಎಲ್ಲ ಹಾಗೇ ಉಳಿದವು. ಸಾಲಕ್ಕೆ ಹರಾಜಾಗುವ ಹೊತ್ತಿಗೆ ದೂರದ ಸಂಬಂಧಿ ಜಾರ್ಜ್ ಚಾಪ್‌ಮನ್ ಕೈಹಾಕಿ ಉಳಿಸಿದ. 1936ರಲ್ಲಿ ಮ್ಯೂಸಿಯಂ ಆಯಿತು.

ಮುಂದೆಯೂ ಸುಲಭವಿರಲಿಲ್ಲ. 1963ರಲ್ಲಿ ಪೆನ್ ಸ್ಟೇಷನ್ ಎಂಬ ಹಳೇ ರೈಲು ನಿಲ್ದಾಣವನ್ನು ಕೆಡವಲು ಶುರು ಮಾಡಿದ ಮೇಲೆ ಊರಿಗೆ ಎಚ್ಚರವಾಗಿ, 1965ರಲ್ಲಿ ಹಳೇ ಕಟ್ಟಡ ಉಳಿಸುವ ಕಾಯ್ದೆ ಬಂತು. ಅದರ ಕೆಳಗೆ ರಕ್ಷಣೆ ಸಿಕ್ಕ ಮೊದಮೊದಲ ಕಟ್ಟಡಗಳಲ್ಲಿ ಇದೂ ಒಂದು. ಒಳಗಿನ ಕೋಣೆಗಳಿಗೆ ರಕ್ಷಣೆ ಸಿಕ್ಕಿದ್ದು 1981ರಲ್ಲಿ. ಆದರೆ ಕಾಗದದ ಮೇಲಿನ ರಕ್ಷಣೆ ಗೋಡೆಗೆ ಗೊತ್ತಾಗುತ್ತದೆಯೇ? 1988ರಲ್ಲಿ ಪಕ್ಕದ ಕಟ್ಟಡ ಕೆಡವಿದಾಗ ಈ ಮನೆಗೂ ಪೆಟ್ಟಾಯಿತು. ಈಗ ಇನ್ನೊಂದು ಪಕ್ಕದ ಜಾಗದ ಜಗಳ. ಅಲ್ಲಿ ಎಂಟು ಅಂತಸ್ತಿನ ಹೋಟೆಲ್ ಕಟ್ಟುವ ಯೋಜನೆಯನ್ನು 2018ರಲ್ಲಿ ಸಿಟಿ ಕೌನ್ಸಿಲ್ ತಳ್ಳಿಹಾಕಿತು. ಆಮೇಲೆ ಬೇರೆ ಯೋಜನೆ ಬಂತು, 2023ರ ಕೊನೆಗೆ ಹಳೇ ಕಟ್ಟಡಗಳ ರಕ್ಷಣೆ ನೋಡಿಕೊಳ್ಳುವ ನಗರದ ಆಯೋಗ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೇ ಹೇಳುತ್ತಿದ್ದೇನೆ, ಮುಂದೂಡದೆ ನೋಡಿಬಿಡಿ.

ಒಳಗೆ ಹೋದ ತಕ್ಷಣ ಪಾರ್ಲರಿನ, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಯ, ಸೋಫಾ ನೋಡುವ ಬದಲು ತಲೆ ಎತ್ತಿ. ದೀಪ ತೂಗುವ ಜಾಗದ ಸುತ್ತ ಗಾರೆಯಲ್ಲಿ ಮಾಡಿದ ಎಲೆಗಳಿವೆ. ಒಂದೊಂದು ಎಲೆಯ ಅಂಚೂ ಛಾವಣಿಯಿಂದ ಹೊರಗೆ ಸುರುಳಿ ಬಿಟ್ಟಿದೆ, ಕೆಳಗಿನ ನೆರಳಿನಲ್ಲಿ ಅದರ ಆಳ ಕಾಣುತ್ತದೆ. ಪಕ್ಕದಲ್ಲಿ ಪಾಯ ತೋಡಿದರೆ ಮೊದಲು ಬಿರುಕು ಬಿಡುವುದು ಇದೇ ಎಂಬ ಭಯ ಎಲ್ಲರಿಗೂ. ಪಕ್ಕದ ಸೈಟಿನಿಂದ ಬರುವ ಲಾಭಕ್ಕಿಂತ ಈ ಗಾರೆ ಕೆಲಸ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಮಂಡಿನೋವಿನವರು ಕೆಳಗಿನ ಅಡುಗೆಮನೆ, ಪಾರ್ಲರ್ ನೋಡಿದರೂ ಸಾಕು. ಅಡುಗೆಮನೆಯ ಗೋಡೆಯ ಮೇಲೆ ಸುರುಳಿ ಸ್ಪ್ರಿಂಗಿಗೆ ಕಟ್ಟಿದ ಗಂಟೆಗಳಿವೆ, ಮೇಲಿನ ಕೋಣೆಗಳಿಂದ ಕೆಲಸದವರನ್ನು ಕರೆಯಲು. ಅಮ್ಮ ಅಲ್ಲೇ ತುಂಬಾ ಹೊತ್ತು ನಿಂತರು. "ಅಡುಗೆ ಕೆಳಗೆ, ಮಲಗೋದು ನಾಲ್ಕನೇ ಮಹಡೀಲಿ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿದಿರಬೇಕು ಆ ಹುಡುಗೀರು" ಅಂದರು. ಐರ್ಲೆಂಡಿನಿಂದ ಬಂದ ಹುಡುಗಿಯರು ಅವರು. ನಿಮಗೆ ಹತ್ತಲು ಆದರೆ ಅವರ ಕೋಣೆ ಬಿಡಬೇಡಿ, ಅಲ್ಲಿಗೆ ಜನ ಕಡಿಮೆ.

ಊಟಕ್ಕೆ ಆ ಸುತ್ತಮುತ್ತ ಎಲ್ಲ ದುಬಾರಿ. ಸ್ವಲ್ಪ ನಡೆದು ಈಸ್ಟ್ 1ನೇ ಬೀದಿಯ ಪಂಜಾಬಿ ಡೆಲಿಗೆ ಹೋಗಿ. ಟ್ಯಾಕ್ಸಿ ಡ್ರೈವರುಗಳ ಜಾಗ, ಪೂರ್ತಿ ಸಸ್ಯಾಹಾರ, ಇಕ್ಕಟ್ಟಾದ ಅಂಗಡಿ. ಗಾಜಿನ ಹಿಂದೆ ಪಲ್ಯಗಳು ಇರುತ್ತವೆ, ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಬಿಸಿ ಮಾಡಿ ಕೊಡುತ್ತಾರೆ. ಕಡಲೆಕಾಳು, ಪಾಲಕ್ ಎರಡೂ ಮನೆ ಅಡುಗೆಯ ಹಾಗೆಯೇ ಇದ್ದವು, ಖಾರಕ್ಕೆ ಅಂಜುವವರಲ್ಲ. ಹತ್ತು ಡಾಲರ್ ಆಸುಪಾಸಿನಲ್ಲಿ ಹೊಟ್ಟೆ ತುಂಬುತ್ತದೆ, ಆ ಊರಿನಲ್ಲಿ ಇದು ದೊಡ್ಡ ಮಾತು. ಕೂರಲು ಜಾಗ ಹುಡುಕಬೇಡಿ, ನಿಂತೇ ತಿನ್ನಬೇಕು. ಚಹಾ ಸಿಹಿ ಜಾಸ್ತಿ, ಸಕ್ಕರೆ ಕಾಯಿಲೆಯವರು ಯೋಚನೆ ಮಾಡಿ ತೆಗೆದುಕೊಳ್ಳಿ. ಮ್ಯೂಸಿಯಂ ವಾರವಿಡೀ ತೆರೆದಿರುವುದಿಲ್ಲ, ಹೊರಡುವ ಮೊದಲು ದಿನ ನೋಡಿಕೊಳ್ಳಿ.