ಹೋಮ್ ಥಿಯೇಟರ್‌ಗೆ ಮೊದಲು ಗೋಡೆ, ಆಮೇಲೆ ಪ್ರೊಜೆಕ್ಟರ್

ಮನೆಯಲ್ಲೇ ಥಿಯೇಟರ್ ಮಾಡ್ಕೋಬೇಕು ಅನ್ನೋರು ಮೊದಲು ಕೇಳೋದು ಯಾವ ಪ್ರೊಜೆಕ್ಟರ್ ತಗೊಳ್ಳಲಿ ಅಂತ. ಧಾರವಾಡದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನನ್ನ ಕೈಯಾರೆ ಒಂದನ್ನು ಮಾಡಿಕೊಂಡ ಮೇಲೆ ನಾನು ಹೇಳೋದು ಇಷ್ಟೇ: ದುಡ್ಡು, ಬೆವರು ಎರಡನ್ನೂ ಮೊದಲು ಗೋಡೆಗೆ ಹಾಕಿ.

ಖಾಲಿ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಸಿಮೆಂಟ್ ಗೋಡೆ, ಮೇಲೆ ಸ್ಲ್ಯಾಬು, ಕೆಳಗೆ ಟೈಲ್ಸ್ ಇದ್ದರೆ ಚಪ್ಪಾಳೆಯ ಬೆನ್ನಿಗೇ ಟರ್ರ್ ಅಂತ ಒಂದು ಸದ್ದು ಬರುತ್ತದೆ. ಎಷ್ಟು ಲಕ್ಷದ ಸ್ಪೀಕರ್ ತಂದಿಟ್ಟರೂ ಆ ಟರ್ರ್ ಸಿನಿಮಾದ ಮಾತಿನ ಮೇಲೆ ಬಂದು ಕೂರುತ್ತದೆ. ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಅಂತ ಹೇಳೋರಿದ್ದಾರೆ, ನಂಬಬೇಡಿ. ತೆಳು ರಟ್ಟು ಏನು ಸದ್ದು ಹೀರುತ್ತದೆ?

ನಾನು ಮಾಡಿದ್ದು ಹೀಗೆ. ಕಟ್ಟಿಗೆ ಪಟ್ಟಿಯಲ್ಲಿ 4 ಅಡಿ ಉದ್ದ, 2 ಅಡಿ ಅಗಲದ ಚೌಕಟ್ಟು ಹೊಡೆದು, ಒಳಗೆ 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಹಲಗೆ ಕೂರಿಸಿ, ಮೇಲೆ ಬಟ್ಟೆ ಎಳೆದು ಸ್ಟೇಪಲ್ ಹೊಡೆದೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕು ಬೇಕೇ ಬೇಕು, ಇಲ್ಲದಿದ್ದರೆ ಮೈಯೆಲ್ಲ ತುರಿಕೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಗಾಳಿ ಆಚೆ ಹಾಯಬೇಕು. ಗಾಳಿ ಹಾಯದ ರೆಕ್ಸಿನ್ ಹೊದಿಸಿದರೆ ತೀಕ್ಷ್ಣ ಸದ್ದು ಅದಕ್ಕೇ ಬಡಿದು ವಾಪಸ್ಸು ಬರುತ್ತದೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ನಮ್ಮ ಪಕ್ಕದಲ್ಲೇ ಇರುವಾಗ ಬೇರೆ ಬಟ್ಟೆ ಯಾಕೆ ಅಂತ ಕಪ್ಪು ಖಾದಿಯನ್ನೇ ಹಾಕಿದೆ. ಕೈನೂಲಿನ ನೇಯ್ಗೆಯಲ್ಲಿ ಗಾಳಿ ಸಲೀಸಾಗಿ ಆಡುತ್ತದೆ.

ಪ್ಯಾನೆಲ್ ಎಲ್ಲಿ ಹಾಕಬೇಕು ಅನ್ನೋದಕ್ಕೆ ಕನ್ನಡಿ ಸಾಕು. ನೀವು ಕೂರುವ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ಪೆನ್ಸಿಲ್ ಗುರುತು. ಸದ್ದು ಮೊದಲು ಬಡಿದು ನಿಮ್ಮ ಕಿವಿಗೆ ಬರೋದು ಅಲ್ಲಿಂದಲೇ. ಪ್ಯಾನೆಲ್‌ಗೂ ಗೋಡೆಗೂ ನಡುವೆ ಎರಡು ಇಂಚು ಸಂದು ಬಿಟ್ಟರೆ ಇನ್ನಷ್ಟು ತಗ್ಗಿನ ಸದ್ದನ್ನೂ ಹೀರುತ್ತದೆ. ಹಿಂದಿನ ಗೋಡೆಗೆ ಅವ್ವ ಹೊಲಿದ ದಪ್ಪ ಕೌದಿ ತೂಗುಹಾಕಿದ್ದೇನೆ. ಅದು ಕೀರಲು ಸದ್ದನ್ನು ಮಾತ್ರ ತಗ್ಗಿಸುತ್ತದೆ, ಬೇಸ್ ಅನ್ನೋ ತಗ್ಗಿನ ಸದ್ದಿಗೆ ಅದರಿಂದ ಏನೂ ಆಗಲ್ಲ, ಆದರೂ ಆ ಕೋಣೆಯಲ್ಲಿ ನನಗೆ ಅತಿ ಇಷ್ಟವಾದ ವಸ್ತು ಅದೇ. ಇದೆಲ್ಲ ಕೋಣೆಯ ಒಳಗಿನ ಸದ್ದು ತಿದ್ದೋಕೆ ಅಷ್ಟೇ. ಪಕ್ಕದ ಮನೆಗೆ ಕೇಳಬಾರದು ಅಂದ್ರೆ ಬಾಗಿಲು ಭಾರದ್ದಾಗಿರಬೇಕು, ಸಂದಿಗೆಲ್ಲ ರಬ್ಬರ್ ಪಟ್ಟಿ ಬೇಕು.

ಇನ್ನು ಬಣ್ಣ. "ಸರ, ಗ್ವಾಡಿಗೆ ಕರೀ ಬಣ್ಣ ಯಾರ್ ಹಚ್ಚಸ್ತಾರ್ರೀ?" ಅಂದ ಪೇಂಟರ್. ಪ್ರೊಜೆಕ್ಟರ್‌ಗೆ ಕಪ್ಪು ಬೆಳಕು ಅಂತ ಬಿಡೋಕೆ ಬರಲ್ಲ. ಬೆಳಕು ಬೀಳದ ಜಾಗವೇ ಕಪ್ಪು. ಪರದೆಯ ಬೆಳಕು ಬಿಳಿ ಸೀಲಿಂಗ್‌ಗೆ ಬಡಿದು ಮತ್ತೆ ಪರದೆ ಮೇಲೆ ಬಿದ್ದರೆ ರಾತ್ರಿಯ ಸೀನೆಲ್ಲ ಬೂದಿ ಬೂದಿ. ಹಾಗಾಗಿ ಪರದೆ ಹತ್ತಿರದ ಸೀಲಿಂಗಿಗೂ ಗೋಡೆಗೂ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿಸಿದೆ.

ಅಳತೆ ಸುಲಭ. 100 ಇಂಚು ಅನ್ನೋದು ಪರದೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು, 16:9 ಪರದೆಯಾದರೆ ಅಗಲ ಸುಮಾರು 87 ಇಂಚು. ಪ್ರೊಜೆಕ್ಟರ್‌ನ ಥ್ರೋ ರೇಶಿಯೋ, ಅಂದ್ರೆ ಪರದೆಯ ಅಗಲದ ಎಷ್ಟು ಪಟ್ಟು ದೂರದಲ್ಲಿ ಅದನ್ನಿಡಬೇಕು ಅನ್ನೋ ಲೆಕ್ಕ, 1.3 ಇದ್ದರೆ ಅಗಲಕ್ಕೆ ಗುಣಿಸಿ, ಒಂಬತ್ತೂವರೆ ಅಡಿ ದೂರ ಬೇಕಾಗುತ್ತದೆ. ನಾವು ಕೂರೋದು 11 ಅಡಿ ದೂರದಲ್ಲಿ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿಯೇ ಕೂರಿಸಬೇಕು. ಓರೆಯಾಗಿ ಇಟ್ಟು, ಸೊಟ್ಟ ಚಿತ್ರವನ್ನು ನೇರ ಮಾಡೋ ಕೀಸ್ಟೋನ್ ಒತ್ತಿ ಸರಿ ಮಾಡಿದರೆ ಪಿಕ್ಸೆಲ್ ಸುಮ್ನೆ ವ್ಯರ್ಥ.

ಒಂದು ಮಾತು, ನಮ್ಮ ಧಾರವಾಡದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಪಡುವಣ ಗೋಡೆ ಜಿನುಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಪೂರ್ತಿ ಒಣಗಲಿ. ಹಸಿ ಗೋಡೆಗೆ ಪ್ಯಾನೆಲ್ ತೂಗುಹಾಕಿದರೆ ಹಿಂದೆ ಬೂಸ್ಟು ಹಿಡಿಯುತ್ತದೆ, ಕಟ್ಟಿಗೆಯೂ ಸೊಟ್ಟಗಾಗುತ್ತದೆ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ.