ಝರಿಗೆ ಜೀಪು ಹತ್ತುವ ಮೊದಲು ಬಾನೆಟ್ ಎತ್ತಿಸಿ

ಜೂನ್, ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ ಬೋಟಿನ ಡೀಸೆಲ್ ಇಂಜಿನ್ ರಿಪೇರಿ ಮಾಡುವ ನನಗೆ ಆಗಲೇ ಕೆಲಸ ಜಾಸ್ತಿ. ಆದರೂ ಈ ಸಲ ಮೂರು ದಿನ ಬಿಡುವು ಮಾಡಿಕೊಂಡು ಹೆಂಡತಿ, ಮಕ್ಕಳ ಜೊತೆ ಚಿಕ್ಕಮಗಳೂರಿಗೆ ಹೋದೆ. ಮುಳ್ಳಯ್ಯನಗಿರಿ ಚೆಂದ ಎಂದು ನಾನು ಹೇಳಬೇಕಾಗಿಲ್ಲ. ಎರಡನೇ ದಿನದ ಜೀಪಿನ ವಿಷಯ ಮಾತ್ರ ಹೇಳಲೇಬೇಕು.

ಝರಿ ಫಾಲ್ಸಿಗೆ ಇಳಿಯುವ ದಾರಿಯಲ್ಲಿ ನಮ್ಮ ಕಾರು ಹೋಗಲ್ಲ, ಬಾಡಿಗೆ ಜೀಪೇ ಗತಿ. ನಮಗೆ ಸಿಕ್ಕಿದ್ದು ಹಳೇ ಡೀಸೆಲ್ ಜೀಪು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ ಒಳಗಿಂದ ಕೀಂ ಎಂಬ ಸದ್ದು.

"ತಮ್ಮಾ, ಬೆಲ್ಟ್ ಜಾರ್ತಾ ಇದೆ ನೋಡು" ಅಂದೆ.

"ಮಳೆಗೆ ಹಂಗೇ ಸಾರ್, ಏನಾಗಲ್ಲ" ಅಂದ ಹುಡುಗ. ಅಲ್ಲೇ ನಿಲ್ಲಿಸಿ ನೋಡಬೇಕಿತ್ತು. ಸುಮ್ನಾದೆ.

ಝರಿ ನೋಡಿಕೊಂಡು ವಾಪಸ್ ಏರುವಾಗ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಸಂದಿಯಿಂದ ಹಬೆ. ಗಾಡಿ ಬದಿಗೆ ಹಾಕಿ ಆಫ್ ಮಾಡಿಸಿದೆ. "ಇಷ್ಟು ಮಳೆಯಲ್ಲೂ ಇಂಜಿನ್ ಕಾಯುತ್ತಾ?" ಎಂದು ನನ್ನವಳು ಕೇಳಿದಳು. ಕಾಯುತ್ತದೆ. ಹೊರಗೆ ಎಷ್ಟು ನೀರಿದ್ದರೂ ಒಳಗೆ ತಿರುಗಬೇಕಲ್ವಾ? ಬೋಟಿನ ಸುತ್ತ ಸಮುದ್ರವೇ ಇರುತ್ತದೆ. ಆದರೂ ನೀರು ಎಳೆಯುವ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಅಂಟಿದರೆ, ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರದ (ಇಂಪೆಲ್ಲರ್) ರೆಕ್ಕೆ ಮುರಿದರೆ ಇಂಜಿನ್ ಕಾದುಹೋಗುತ್ತದೆ. ಹೊಗೆ ಪೈಪಿನಿಂದ ನೀರು ಸರಿಯಾಗಿ ಹೊರಗೆ ಬರುತ್ತಿದೆಯಾ ಎಂದು ನಾವು ಮೊದಲು ನೋಡುವುದು ಅದಕ್ಕೇ. ಈ ಜೀಪಿನಲ್ಲಿ ವಾಟರ್ ಪಂಪು, ಫ್ಯಾನು ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಜಾರಿದರೆ ನೀರೂ ಓಡಲ್ಲ, ಗಾಳಿಯೂ ಇಲ್ಲ.

ಹುಡುಗ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ತೋಳು ಹಿಡಿದು ಎಳೆದೆ. ದಯವಿಟ್ಟು ಇದನ್ನು ನೆನಪಿಡಿ. ಆ ಮುಚ್ಚಳ ಒತ್ತಡ ಹಿಡಿದಿರುವುದರಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ತೆರೆದ ಕೂಡಲೇ ಉಕ್ಕಿ ಮುಖಕ್ಕೇ ಹಾರುತ್ತದೆ. ಬೆಟ್ಟದ ಮೇಲೆ ಇನ್ನೊಂದು ತೊಂದರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ, ಕೆಳಗೆ ಚೆನ್ನಾಗಿ ಓಡಿದ ಗಾಡಿ ಮೇಲೆ ಬಂದು ಉಕ್ಕುತ್ತದೆ.

ಮುಕ್ಕಾಲು ಗಂಟೆ ಕಾದೆವು. ಆಮೇಲೆ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಅರ್ಧ ಇಂಚು ಬಗ್ಗಬೇಕಾದದ್ದು ಎರಡು ಇಂಚು ಬಗ್ಗಿತು. ಒಳಮೈ ಗಾಜಿನ ಹಾಗೆ ನುಣ್ಣಗಾಗಿತ್ತು. ಅದೇ ಬೆಲ್ಟ್ ಸುತ್ತುವ ಡೈನಮೋದ ಬೋಲ್ಟ್ ಸಡಿಲಿಸಿ, ಡೈನಮೋವನ್ನು ಒಂದು ಮರದ ಗೂಟದಿಂದ ಹೊರಕ್ಕೆ ಮೀಟಿ ಹಿಡಿದು ಬೆಲ್ಟ್ ಬಿಗಿ ಮಾಡಿದೆವು. ರೇಡಿಯೇಟರಿನ ಸಂದಿಯಲ್ಲಿ ಗಟ್ಟಿಯಾಗಿದ್ದ ಕೆಸರನ್ನು ತೊಳೆದೆವು. ಇಂಜಿನ್ ಚಾಲೂ ಮಾಡಿ ಸ್ವಲ್ಪ ಸ್ವಲ್ಪವೇ ನೀರು ಹಾಕಿದೆವು. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಅದರ ಮೇಲ್ಭಾಗ, ಅಂದರೆ ಹೆಡ್, ಬಿರುಕು ಬಿಡಬಹುದು.

ಸಂಜೆ ಜೀಪಿನ ಮಾಲೀಕ ವೈಟಿಂಗ್ ಎಂದು 500 ರೂಪಾಯಿ ಜಾಸ್ತಿ ಕೇಳಿದ. ಅವನ ಗಾಡಿ ಕೆಟ್ಟದ್ದಕ್ಕೆ ನಾವು ದುಡ್ಡು ಕೊಡಬೇಕಂತೆ! ಕೊಡಲಿಲ್ಲ. ನೀವೂ ಕೊಡಬೇಡಿ. ಮಳೆಯಲ್ಲಿ ನೆನೆದ ಹುಡುಗನ ಕೈಗೆ ಮಾತ್ರ ನೂರು ರೂಪಾಯಿ ಇಟ್ಟೆ.

ಹತ್ತುವ ಮೊದಲು ಬಾನೆಟ್ ಎತ್ತಿಸಿ. ಇಂಜಿನ್ ನಿಂತಿರುವಾಗ ಬೆಲ್ಟ್ ಒತ್ತಿ ನೋಡಿ. ಹೋಸಿನ ಕ್ಲಾಂಪ್ ಹತ್ತಿರ ನೀರು ಜಿನುಗುತ್ತಿದೆಯಾ ನೋಡಿ, ಹಿಂದೆ ಐದು ಲೀಟರ್ ನೀರಿನ ಕ್ಯಾನ್ ಇದೆಯಾ ಕೇಳಿ. ನೀರು ಜಿನುಗುತ್ತಿದ್ದರೆ, ಕ್ಯಾನ್ ಇಲ್ಲ ಅಂದರೆ ಪಕ್ಕದ ಜೀಪು ನೋಡಿ. ಜನ ಜಾಸ್ತಿ, ಭಾನುವಾರ ಬೇಡ ಅನ್ನುವವರಿದ್ದಾರೆ. ಬಂದರಿನ ಗದ್ದಲದಲ್ಲೇ ಬೆಳೆದ ನನಗೆ ಅದೇನೂ ಅನ್ನಿಸಲಿಲ್ಲ. ಭಾನುವಾರವೇ ಹೋಗಿ. ಗಾಡಿ ಕೆಟ್ಟರೆ ಹಿಂದೆಯೇ ಹತ್ತು ಜೀಪು ಬರುತ್ತವೆ.

ಮೇಲೆ ಬಂದಮೇಲೆ ಅತ್ತಿಗುಂಡಿ ಕಡೆ ತಗಡಿನ ಮಾಡಿನ ಒಂದು ಗೂಡಂಗಡಿ ಸಿಕ್ಕಿತು. ಒಬ್ಬ ಅಕ್ಕ ಕೈಯಲ್ಲೇ ತಟ್ಟಿದ ಅಕ್ಕಿ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಕಳಲೆ ಪಲ್ಯ. ಎಳೆ ಬಿದಿರನ್ನು ಹೆಚ್ಚಿ, ಮೂರು ದಿನ ನೀರು ಬದಲಿಸುತ್ತಾ ನೆನೆಸಿ ಕಹಿ ತೆಗೆದ ಕಳಲೆ. ತೆಂಗಿನಕಾಯಿ, ಒಣಮೆಣಸು ಹಾಕಿ ರುಬ್ಬಿದ ಮಸಾಲೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ನನ್ನ ಮಗಳು ಒಲೆ ಪಕ್ಕ ಕೂತು ಮೂರು ರೊಟ್ಟಿ ತಿಂದಳು. "ಇನ್ನೊಂದು ಹಾಕ್ಲಾ ಪುಟ್ಟಾ?" ಎಂದು ಆ ಅಕ್ಕ ಕೇಳಿ ಕೇಳಿ ಬಡಿಸಿದರು. ನಾಲ್ವರೂ ಹೊಟ್ಟೆ ತುಂಬ ತಿಂದರೂ ಮಾಲೀಕ ಕೇಳಿದ ಆ 500 ಆಗಲಿಲ್ಲ. ಮಧ್ಯಾಹ್ನದೊಳಗೆ ಹೋಗಿ. ಮೂರು ಗಂಟೆಗೆ ನಾವು ಎದ್ದಾಗ ಕಳಲೆ ಪಾತ್ರೆ ಖಾಲಿಯಾಗಿತ್ತು.